ಊರ ನೀರು ಕೇರಿಗೇ ಯಾಕೆ ಹರಿಯುತ್ತೆ? ವಾಟದ ಒಂದು ಚರಿತ್ರೆ

ಬರಹ ಉದ್ದ ಇದೆ. ಬಿಡುವು ಮಾಡ್ಕೊಂಡು ಪೂರ್ತಿ ಓದಿ, ಮಳೆಗಾಲದಲ್ಲಿ ಕೆಲಸಕ್ಕೆ ಬರೋ ವಿಷಯ.

ನೀರು ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಮಹಾಡ್. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ಮೆರವಣಿಗೆಯಲ್ಲಿ ಹೋಗಿ ಚವದಾರ್ ಕೆರೆಯ ನೀರು ಕುಡಿದರು. ದನ ಕುಡಿಯಬಹುದಾಗಿದ್ದ ನೀರನ್ನು ನಮ್ಮವರು ಮುಟ್ಟೋ ಹಾಗಿರಲಿಲ್ಲ. ಆ ಚರಿತ್ರೆ ನಮ್ಮ ಮಕ್ಕಳಿಗೂ ಬಾಯಿಪಾಠ ಆಗಿದೆ, ಆಗಲೇಬೇಕು.

ಆದರೆ ನೀರಿಗೆ ಇನ್ನೊಂದು ಚರಿತ್ರೆ ಇದೆ. ನಾವು ಕೇಳಿದ್ರೂ ಕೊಡದ ನೀರು ಒಂದು. ನಾವು ಬೇಡ ಅಂದ್ರೂ ನಮ್ಮ ಬಾಗಿಲಿಗೆ ಬಂದ ನೀರು ಇನ್ನೊಂದು. ಬಾವಿ ನೀರು ಕೇರಿಗೆ ಬರಬಾರದು, ಬಚ್ಚಲ ನೀರು ಕೇರಿಗೇ ಬರಬೇಕು. ಮೊದಲನೆಯದರ ಬಗ್ಗೆ ನಾವು ಬೇಕಾದಷ್ಟು ಬರೆದಿದೀವಿ, ಹಾಡಿದೀವಿ, ಕೇಸು ಹಾಕಿದೀವಿ. ಎರಡನೆಯದನ್ನು "ಚರಂಡಿ ಸಮಸ್ಯೆ" ಅಂತ ಒಂದು ಅರ್ಜಿ ಬರೆದು ಪಂಚಾಯ್ತಿಗೆ ಕೊಟ್ಟು ಸುಮ್ಮನಾಗ್ತೀವಿ. ಅದು ಬರೀ ಚರಂಡಿ ಸಮಸ್ಯೆ ಅಲ್ಲ. ಅದೂ ಅಸ್ಪೃಶ್ಯತೆಯ ಚರಿತ್ರೆಯ ಭಾಗಾನೇ. ಇವತ್ತು ಅದರ ಬಗ್ಗೆ ಮಾತಾಡೋಣ.

*ವಾಟ ಅಂದ್ರೆ ಏನು?*

ಗಾರೆ ಕೆಲಸ ಮಾಡೋರನ್ನ ಕೇಳಿ, ಮನೆಗೆ ಮುಖ್ಯ ಏನು ಅಂತ. ಅನುಭವ ಇರೋರು ಗೋಡೆ ಅನ್ನಲ್ಲ, ಸೂರು ಅನ್ನಲ್ಲ. "ನೀರಿನ ವಾಟ ಸರಿ ಇರ್ಬೇಕು" ಅಂತಾರೆ. ಮನೆ ಸುತ್ತ ಬಿದ್ದ ನೀರು ಗೋಡೆ ಬುಡದಲ್ಲಿ ನಿಲ್ಲದೆ ಆಚೆ ಹರಿದು ಹೋಗೋ ಹಾಗೆ ನೆಲಕ್ಕೆ ಕೊಡೋ ಇಳಿಜಾರೇ ವಾಟ. ಅಮೆರಿಕದ ಮನೆ ಕಟ್ಟೋ ನಿಯಮದಲ್ಲಿ ಇದಕ್ಕೆ ಲೆಕ್ಕ ಇದೆ: ಗೋಡೆಯಿಂದ ಮೊದಲ 10 ಅಡಿಯೊಳಗೆ ಮಣ್ಣಿನ ನೆಲ ಕನಿಷ್ಠ 6 ಇಂಚು ಇಳಿಯಬೇಕು. ಸಿಮೆಂಟು ಹಾಕಿದ ನೆಲ ಆದ್ರೆ ಸುಮಾರು ಎರಡೂವರೆ ಇಂಚು ಸಾಕು. ನಮ್ಮ ಮೇಸ್ತ್ರಿಗಳು ಪುಸ್ತಕ ಓದದೆ, ಒಂದು ಪ್ಲಾಸ್ಟಿಕ್ ಪೈಪಿಗೆ ನೀರು ತುಂಬಿಸಿ, ಎರಡೂ ತುದಿ ಎತ್ತಿ ಹಿಡಿದು, ಮಟ್ಟ ನೋಡಿ, ಇದೇ ಲೆಕ್ಕಾನ ಕೈಯಲ್ಲೇ ಮಾಡ್ತಾರೆ.

ವಾಟ ತಪ್ಪಿದ್ರೆ ಏನಾಗುತ್ತೆ? ನೀರು ಗೋಡೆ ಬುಡದಲ್ಲಿ ನಿಲ್ಲುತ್ತೆ. ಮಣ್ಣಿನ ಗೋಡೆ ಆದ್ರೆ ಬುಡ ನೆನೆದು, ಮೆತ್ತಗಾಗಿ, ಒಂದು ರಾತ್ರಿ ಮಲಗಿದೋರ ಮೇಲೇ ಕುಸಿಯುತ್ತೆ. ಇಟ್ಟಿಗೆ ಗೋಡೆ ಆದ್ರೆ ತೇವ ಮೇಲಕ್ಕೆ ಏರಿ ಸುಣ್ಣ ಉದುರುತ್ತೆ. ಉತ್ತರ ಕರ್ನಾಟಕದ ಎರೆ ಮಣ್ಣಲ್ಲಿ ಕತೆ ಇನ್ನೂ ಕಷ್ಟ. ಆ ಮಣ್ಣು ನೀರು ಕುಡಿದಾಗ ಉಬ್ಬುತ್ತೆ, ಒಣಗಿದಾಗ ಕುಗ್ಗಿ ಬಿರಿಯುತ್ತೆ. ವರ್ಷ ವರ್ಷ ಹೀಗೆ ಆಗಿ ಪಾಯಾನೇ ಅಲುಗಿ ಗೋಡೆಯಲ್ಲಿ ಸೀಳು ಬೀಳುತ್ತೆ. ನಿಂತ ನೀರಲ್ಲಿ ಸೊಳ್ಳೆ, ಮಕ್ಕಳಿಗೆ ಜ್ವರ, ಮುದುಕರಿಗೆ ಕೆಮ್ಮು. ರಾತ್ರಿಯೆಲ್ಲ ಎದ್ದು ಪಾತ್ರೆಯಲ್ಲಿ ನೀರು ಮೊಗೆದು ಆಚೆ ಚೆಲ್ಲೋರು ಮನೆ ಹೆಂಗಸರು. ಬೆಳಿಗ್ಗೆ ಅವರೇ ಕೂಲಿಗೂ ಹೋಗಬೇಕು.

ಅಂದ್ರೆ ಪ್ರತಿಯೊಂದು ಮನೇನೂ ತನ್ನ ನೀರನ್ನ ಆಚೆ ತಳ್ಳಲೇಬೇಕು. ಅದು ತಪ್ಪಲ್ಲ, ಅದು ಮನೆ ಕಟ್ಟೋ ವಿದ್ಯೆ. ಪ್ರಶ್ನೆ ಇರೋದು ಬೇರೆ ಕಡೆ: ಆಚೆ ಅಂದ್ರೆ ಎಲ್ಲಿಗೆ? ನನ್ನ ಅಂಗಳದ "ಆಚೆ" ಇನ್ನೊಬ್ಬರ ಅಂಗಳ ಆಗಿದ್ರೆ? ಬೀದಿಯ ನೀರೆಲ್ಲ ಮೋರಿಗೆ, ಮೋರಿಯ ನೀರೆಲ್ಲ ಊರ ಆಚೆಗೆ. ಆ ಊರ ಆಚೆ ಯಾರಿದಾರೆ? ಅಲ್ಲಿಂದ ಚರಿತ್ರೆ ಶುರು.

*ಒಂದೇ ಪುಸ್ತಕದಲ್ಲಿ ಎರಡು ನಿಯಮ*

ಈ ನೆಲದಲ್ಲಿ ಚರಂಡಿ ವಿದ್ಯೆ ಇರಲಿಲ್ಲ, ಬ್ರಿಟಿಷರು ತಂದ್ರು ಅಂತ ಹೇಳೋರಿಗೆ ಮೊಹೆಂಜೊದಾರೋ ತೋರಿಸಿ. ನಾಲ್ಕೂವರೆ ಸಾವಿರ ವರ್ಷದ ಹಿಂದೆಯೇ ಅಲ್ಲಿ ಸುಟ್ಟ ಇಟ್ಟಿಗೆಯ, ಮೇಲೆ ಮುಚ್ಚಿದ ಚರಂಡಿಗಳಿದ್ವು. ಮನೆಯ ಬಚ್ಚಲಿಂದ ಬೀದಿ ಚರಂಡಿಗೆ ಇಳಿಜಾರು ಇತ್ತು. ವಿದ್ಯೆಗೆ ಕೊರತೆ ಇರಲಿಲ್ಲ.

ಈಗ ಕೌಟಿಲ್ಯನ ಅರ್ಥಶಾಸ್ತ್ರಕ್ಕೆ ಬನ್ನಿ. ಕಳೆದೇ ಹೋಗಿತ್ತು ಅಂದ್ಕೊಂಡಿದ್ದ ಈ ಗ್ರಂಥದ ಓಲೆಗರಿ ಸಿಕ್ಕಿದ್ದು ನಮ್ಮ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ, 1905ರಲ್ಲಿ. ಆರ್. ಶಾಮಶಾಸ್ತ್ರಿಗಳು ಅದನ್ನ 1909ರಲ್ಲಿ ಅಚ್ಚು ಹಾಕಿಸಿದ್ರು, 1915ರಲ್ಲಿ ಇಂಗ್ಲಿಷಿಗೆ ತಂದ್ರು. ಅದರಲ್ಲಿ ಮನೆ ಕಟ್ಟೋ ನಿಯಮಗಳಿವೆ. ಮನೆಯಿಂದ ನೀರು ಹೋಗೋ ದಾರಿಗೆ ಸಾಕಷ್ಟು ಇಳಿಜಾರು ಇರಬೇಕು, ಅದು ಪಕ್ಕದವರ ಜಾಗದಿಂದ ಇಷ್ಟು ದೂರ ಇರಬೇಕು, ತಪ್ಪಿದ್ರೆ 54 ಪಣ ದಂಡ. ಬೀದಿಯಲ್ಲಿ ಕೆಸರು, ನೀರು ನಿಲ್ಲೋ ಹಾಗೆ ಮಾಡಿದ್ರೆ ಕಾಲು ಪಣ ದಂಡ. ನೋಡಿ, ವಾಟ ತಪ್ಪಿಸಿ ಪಕ್ಕದವರ ಗೋಡೆ ನೆನೆಸೋದು ಅಪರಾಧ ಅಂತ ಅಷ್ಟು ಹಿಂದೇನೇ ಗೊತ್ತಿತ್ತು.

ಅದೇ ಪುಸ್ತಕದಲ್ಲಿ ಇನ್ನೊಂದು ನಿಯಮ ಇದೆ. ಕೋಟೆಯೊಳಗೆ ಯಾವ ದಿಕ್ಕಿಗೆ ಯಾವ ವರ್ಣದವರು ಇರಬೇಕು ಅಂತೆಲ್ಲ ಹೇಳಿ, ಕೊನೆಗೆ ಚಂಡಾಲರ ವಾಸ ಸ್ಮಶಾನದ ಅಂಚಿನಲ್ಲಿ ಅಂತ ಹೇಳುತ್ತೆ. ಮನುಸ್ಮೃತಿಯ ಹತ್ತನೇ ಅಧ್ಯಾಯವೂ ಚಂಡಾಲರು ಊರ ಹೊರಗೇ ಇರಬೇಕು ಅಂತ ವಿಧಿಸುತ್ತೆ.

ಈ ಎರಡು ನಿಯಮಗಳನ್ನ ಒಟ್ಟಿಗೆ ಇಟ್ಟು ಓದಿ. ಊರೊಳಗೆ ನೆರೆಯವನ ಗೋಡೆಗೆ ನೀರು ಬಿಟ್ರೆ ದಂಡ. ಆದರೆ ಊರ ಹೊರಗಿದ್ದೋನು "ನೆರೆಯವನು" ಅನ್ನೋ ಲೆಕ್ಕಕ್ಕೇ ಬರಲ್ಲ. ಅವನ ಗೋಡೆ ನೆನೆದ್ರೆ ದಂಡ ಹಾಕೋರು ಯಾರು? ಒಳಗಿನ ಮನೆಗಳಿಗೆ ವಾಟದ ಕಾನೂನು, ಹೊರಗಿನ ಮನೆಗಳಿಗೆ ವರ್ಣದ ಕಾನೂನು.

*ತೆಂಕಣ ದಿಕ್ಕು, ತಗ್ಗಿನ ಜಾಗ*

ಬಾಬಾಸಾಹೇಬರು ಭಾರತದ ಹಳ್ಳಿಯ ಬಗ್ಗೆ ಬರೆದ ಒಂದು ಬರಹದಲ್ಲಿ ಅಸ್ಪೃಶ್ಯರ ಮೇಲಿದ್ದ ಕಟ್ಟುಕಟ್ಟಳೆಗಳನ್ನ ಒಂದೊಂದಾಗಿ ಪಟ್ಟಿ ಮಾಡಿದಾರೆ. ಅದರಲ್ಲಿ ಮೊದಲೇ ಬರೋದು ಮನೆಯ ಜಾಗ. ಕೇರಿ ಊರಿಂದ ಬೇರೆ ಇರಬೇಕು, ದಕ್ಷಿಣ ದಿಕ್ಕಿಗೇ ಇರಬೇಕು, ಯಾಕಂದ್ರೆ ನಾಲ್ಕು ದಿಕ್ಕಲ್ಲಿ ಅದೇ ಅಶುಭ. ಹೆಂಚಿನ ಮನೆ ಕಟ್ಟಿದ್ರೂ ಅಪರಾಧ. ಅಂದ್ರೆ ಮನೆ ಎಲ್ಲಿರಬೇಕು ಅನ್ನೋದೂ ನಮ್ಮ ಕೈಲಿಲ್ಲ, ಸೂರಿಗೆ ಏನು ಹಾಕಬೇಕು ಅನ್ನೋದೂ ನಮ್ಮ ಕೈಲಿಲ್ಲ. ಮೇಲಿಂದ ಹುಲ್ಲಿನ ಸೂರು ಸೋರಬೇಕು, ಕೆಳಗಿಂದ ಊರ ನೀರು ನುಗ್ಗಬೇಕು.

ಎಲ್ಲಾ ಊರಲ್ಲೂ ಕೇರಿ ತಗ್ಗಲ್ಲೇ ಇದೆ ಅಂತ ನಾನು ಹೇಳ್ತಿಲ್ಲ. ಕೆಲವು ಕಡೆ ನೀರೇ ಸಿಗದ ಕಲ್ಲುಗುಡ್ಡದ ಮೇಲೂ ಕೇರಿ ಇದೆ. ನಿಯಮ ತಗ್ಗು ಅಂತಲ್ಲ, "ಯಾರಿಗೂ ಬೇಡದ ಜಾಗ" ಅಂತ. ಬೇಸಾಯದ ಸೀಮೆಯಲ್ಲಿ ಯಾರಿಗೂ ಬೇಡದ ಜಾಗ ಅಂದ್ರೆ ಹೆಚ್ಚಾಗಿ ಮಳೆ ಬಂದ್ರೆ ನೀರು ನಿಲ್ಲೋ ಜಾಗ, ಊರಿನ ಮೋರಿ ಬಂದು ಸೇರೋ ಜಾಗ, ತಿಪ್ಪೆ ಪಕ್ಕದ ಜಾಗ. ಊರಲ್ಲಿ ಕಟ್ಟಿದ ಮನೆಗಳನ್ನ ನೋಡಿ, ಎತ್ತರದ ಪಾಯ, ಅದರ ಮುಂದೆ ಜಗಲಿ, ಜಗಲಿ ಏರೋಕೆ ಮೂರು ನಾಲ್ಕು ಮೆಟ್ಟಿಲು. ಆ ಜಗಲಿ ಕೂರೋಕೆ ಮಾತ್ರ ಅಲ್ಲ, ನೀರಿಂದ ಮನೆ ಕಾಯೋಕೂ ಹೌದು. ಕೇರಿಯ ಮನೆಗೆ ಪಾಯ ಎತ್ತೋಕೆ ಕಲ್ಲಿಗೆ ಕಾಸಿಲ್ಲ. ಕಾಸಿದ್ರೂ ಗೌಡರ ಜಗಲಿಗಿಂತ ಎತ್ತರದ ಪಾಯ ಹಾಕೋ ಧೈರ್ಯ ಯಾರಿಗಿತ್ತು?

1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕರಡನ್ನ ಮಂಡಿಸ್ತಾ ಬಾಬಾಸಾಹೇಬರು ಹಳ್ಳಿಯನ್ನ ಹೊಗಳೋರಿಗೆ ಉತ್ತರ ಕೊಟ್ಟರು. ಆ ಮಾತು ನಮಗೆಲ್ಲ ಗೊತ್ತು. ಆದರೆ ಅವರು ಬಳಸಿದ ಒಂದು ಪದದ ಮೇಲೆ ನಾವು ಗಮನ ಕೊಟ್ಟಿಲ್ಲ. ಸಂಕುಚಿತತೆಯ "ಸಿಂಕ್" ಅಂದ್ರು ಹಳ್ಳಿಯನ್ನ. ಇವತ್ತು ಸಿಂಕ್ ಅಂದ್ರೆ ನಮಗೆ ಪಾತ್ರೆ ತೊಳೆಯೋ ತೊಟ್ಟಿ. ಇಂಗ್ಲಿಷಿನಲ್ಲಿ ಆ ಪದದ ಹಳೇ ಅರ್ಥ ಕೊಳಚೆ ಹರಿದು ಬಂದು ನಿಲ್ಲೋ ಗುಂಡಿ. ನಮ್ಮ ಮಾತಲ್ಲಿ ಬಚ್ಚಲಗುಂಡಿ! ಊರಿನ ಬಚ್ಚಲಗುಂಡಿ ಎಲ್ಲಿ ತೋಡಿದಾರೆ ಅಂತ ಗೊತ್ತಿರೋರಿಗೆ ಆ ಪದದ ತೂಕ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ.

*ವಿದ್ಯೆ ನಮ್ಮದು, ಒಣ ನೆಲ ಅವರದು*

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ನೀರು ಹೇಗೆ ಹರಿಯುತ್ತೆ, ಎಲ್ಲಿ ತಡೀಬೇಕು, ಎಲ್ಲಿ ಬಿಡಬೇಕು ಅನ್ನೋ ವಿದ್ಯೆ ಈ ನೆಲದಲ್ಲಿ ಯಾರ ಕೈಲಿತ್ತು? ಹಳೇ ಮೈಸೂರು ಸೀಮೆಯಲ್ಲಿ ಕೆರೆಯ ತೂಬು ಎತ್ತಿ, ಇಳಿಸಿ, ಗದ್ದೆ ಗದ್ದೆಗೆ ನೀರು ಹಂಚ್ತಿದ್ದ ನೀರಗಂಟಿ ಅನೇಕ ಊರುಗಳಲ್ಲಿ ನಮ್ಮ ಕೇರಿಯವನೇ. ಯಾವ ಗದ್ದೆ ಎಷ್ಟು ಎತ್ತರ, ಯಾವ ಕಾಲುವೆಗೆ ಎಷ್ಟು ವಾಟ ಅಂತ ಅವನಿಗೆ ಕಣ್ಣಳತೆಯಲ್ಲೇ ಗೊತ್ತು. ಕೆರೆ ತೋಡಿ, ಏರಿ ಕಟ್ಟಿ, ಕಲ್ಲು ಒಡೆದು ತೂಬು ನಿಲ್ಲಿಸಿದೋರು ಭೋವಿಗಳು. ಬೇಸಾಯದ ಊರಿನ ನೀರಿನ ಇಂಜಿನಿಯರುಗಳು ಇವರೇ.

ಹಂಗಿದ್ರೂ ಇವರ ಮನೆ ಮುಂದೆ ನೀರು ನಿಂತಿತ್ತು. ವಿದ್ಯೆ ಇಲ್ಲದೆ ಅಲ್ಲ, ಜಾಗ ಆರಿಸೋ ಹಕ್ಕು ಇಲ್ಲದೆ. ನೀರನ್ನ ಆಚೆ ಕಳಿಸೋಕೆ ತನಗಿಂತ ತಗ್ಗಿನ ಜಾಗ ಒಂದು ಬೇಕು. ಎಲ್ಲರಿಗಿಂತ ತಗ್ಗಲ್ಲಿ ಇಟ್ಟ ಮೇಲೆ ನಾವು ಎಲ್ಲಿಗೆ ತಳ್ಳಬೇಕು ನೀರನ್ನ? "ಅವರ ಕೇರಿ ಗಲೀಜು, ಅವರಿಗೆ ಸ್ವಚ್ಛತೆ ಗೊತ್ತಿಲ್ಲ" ಅನ್ನೋರಿಗೆ ಇದೊಂದು ಪ್ರಶ್ನೆ ಕೇಳಿ. ಆ ಗಲೀಜು ಯಾರ ಬಚ್ಚಲಿಂದ ಹೊರಟಿದ್ದು ಅಂತ ಮೋರಿ ಹಿಡಿದು ಹಿಂದಕ್ಕೆ ನಡೆದು ನೋಡೋಕೆ ಹೇಳಿ.

*ನಗರ ಬಂತು, ವಾಟ ಬದಲಾಯ್ತಾ?*

ಹಳ್ಳಿ ಬಿಟ್ಟು ನಗರಕ್ಕೆ ಹೋದ್ರೆ ಜಾತಿ ಬಿಡುತ್ತೆ ಅಂತ ನಮ್ಮ ಹಿರಿಯರು ನಂಬಿ ಹೋದ್ರು. ಸ್ವಲ್ಪ ಬಿಟ್ಟಿತು, ನಿಜ. ವಾಟದ ವಿಷಯದಲ್ಲಿ ಏನಾಯ್ತು ನೋಡಿ.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟಿನಲ್ಲಿ ಜನ ಸಾಯ್ತಿದ್ದಾಗ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದ್ವು. ಗಾಳಿ ಬೆಳಕು ಬರೋ ಜಾಗ, ಅಗಲ ರಸ್ತೆ, ನೇರ ಚರಂಡಿ. ಅದರ ಜೊತೆಗೇ ಮನೆಗಳ ಹಿಂದೆ ಒಂದು ಸಣ್ಣ ಓಣಿ ಬಿಟ್ಟರು, ಕನ್ಸರ್ವೆನ್ಸಿ ಓಣಿ ಅಂತ. ಅದು ಯಾಕೆ ಗೊತ್ತಾ? ಮಲ ಬಳಿಯೋಕೆ ಬರೋರು ಮುಂಬಾಗಿಲಿಗೆ ಬರದೆ, ಯಾರ ಕಣ್ಣಿಗೂ ಬೀಳದೆ, ಹಿಂದಿನಿಂದಲೇ ಬಂದು ಹೊತ್ಕೊಂಡು ಹೋಗೋಕೆ. ಹಳ್ಳಿಯಲ್ಲಿ ದಿಕ್ಕು ಮಾಡಿದ ಕೆಲಸಾನ ನಗರದಲ್ಲಿ ನಕ್ಷೆ ಮಾಡ್ತು. ಆ ಓಣಿಗಳು ಕೆಲವು ಕಡೆ ಇವತ್ತಿಗೂ ಇವೆ, ಹೋಗಿ ನೋಡಬಹುದು.

ಬೆಂಗಳೂರು ದಿಣ್ಣೆ ಮೇಲಿರೋ ಊರು. ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ, ಹೆಬ್ಬಾಳ ಅಂತ ದೊಡ್ಡ ಕಣಿವೆಗಳಲ್ಲಿ ಊರಿನ ನೀರು ಇಳಿದು ಹೋಗುತ್ತೆ. ಇಡೀ ನಗರಕ್ಕೆ ನೆಲವೇ ಕೊಟ್ಟ ವಾಟ ಅದು. ಊರು ಕಟ್ಟೋಕೆ, ಬೀದಿ ಗುಡಿಸೋಕೆ ಬಂದ ಜನಕ್ಕೆ ದಿಣ್ಣೆ ಮೇಲೆ ಜಾಗ ಸಿಗಲಿಲ್ಲ. ರಾಜಕಾಲುವೆ ಅಂಚಲ್ಲಿ, ಕೆರೆಯ ಕೋಡಿ ಕೆಳಗೆ, ಕಣಿವೆ ತಳದಲ್ಲಿ ಗುಡಿಸಲು ಹಾಕ್ಕೊಂಡ್ರು. ಪ್ರತಿ ಮಳೆಗೂ ಅಲ್ಲಿ ಕೊಳಚೆ ನುಗ್ಗಿತು. ಅದು ಪೇಪರಿನ ಒಳಪುಟದ ಸುದ್ದಿ. 2022ರ ಸೆಪ್ಟೆಂಬರಿನಲ್ಲಿ ಯಮಲೂರು, ಬೆಳ್ಳಂದೂರು ಕಡೆಯ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಗೆ ನೀರು ನುಗ್ಗಿದಾಗ, ಟ್ರ್ಯಾಕ್ಟರಿನಲ್ಲಿ ಕೂತು ಆಫೀಸಿಗೆ ಹೋದೋರ ಫೋಟೋ ಪ್ರಪಂಚದ ತುಂಬ ಓಡಾಡ್ತು. ಅವರ ಕಷ್ಟ ಸುಳ್ಳಲ್ಲ. ಆದರೆ ಅವರಿಗೆ ಅದು ಒಂದು ವರ್ಷದ ಆಘಾತ, ಕೆಳಗಿನ ಕೊಳೆಗೇರಿಗೆ ಪ್ರತಿ ವರ್ಷದ ಪಂಚಾಂಗ.

*ವಾಟ ತಪ್ಪಿದ ಕಡೆ ಮನುಷ್ಯನನ್ನ ಇಳಿಸೋದು*

ಇಂಜಿನಿಯರಿಂಗ್ ಪುಸ್ತಕದಲ್ಲಿ ಒಂದು ಲೆಕ್ಕ ಇದೆ. ಒಳಚರಂಡಿ ಪೈಪಿನಲ್ಲಿ ನೀರು ಸೆಕೆಂಡಿಗೆ ಕನಿಷ್ಠ 0.6 ಮೀಟರ್, ಅಂದ್ರೆ ಸುಮಾರು ಎರಡು ಅಡಿ ವೇಗದಲ್ಲಿ ಹರಿಯಬೇಕು. ಅಷ್ಟು ವೇಗ ಇದ್ರೆ ಕೊಳಕನ್ನ ನೀರೇ ತಳ್ಕೊಂಡು ಹೋಗುತ್ತೆ. ಪೈಪು ತನ್ನನ್ನ ತಾನೇ ತೊಳ್ಕೊಳ್ಳುತ್ತೆ. ವಾಟ ಕಮ್ಮಿ ಆದ್ರೆ ವೇಗ ಕಮ್ಮಿ, ವೇಗ ಕಮ್ಮಿ ಆದ್ರೆ ಹೂಳು ಕೂರುತ್ತೆ, ಹೂಳು ಕೂತ್ರೆ ಕಟ್ಟುತ್ತೆ. ಕಟ್ಟಿದ್ರೆ?

ಕಟ್ಟಿದ್ರೆ ನಮ್ಮ ಹುಡುಗನ್ನ ಕರೀತಾರೆ. ಗುತ್ತಿಗೆದಾರ ಉಳಿಸಿದ ಅರ್ಧ ಅಡಿ ವಾಟದ ಬೆಲೆಯನ್ನ ಮ್ಯಾನ್‌ಹೋಲಿಗೆ ಇಳಿದೋನು ಜೀವದಲ್ಲಿ ಕಟ್ಟುತ್ತಾನೆ. ಮ್ಯಾನ್‌ಹೋಲ್ ಸಾವನ್ನ "ಆಕಸ್ಮಿಕ" ಅಂತ ಬರೀತಾರಲ್ಲ, ಅದರ ಮೊದಲ ಕಾರಣ ಎಷ್ಟೋ ಸಲ ಹಾಳೆ ಮೇಲಿನ ಒಂದು ಅಂಕಿ. ಜೊತೆಗೆ, ಯಂತ್ರಕ್ಕಿಂತ ಈ ಜನ ಅಗ್ಗ ಅನ್ನೋ ನಂಬಿಕೆ.

ಈ ಚರಿತ್ರೆಯಲ್ಲಿ ನಮ್ಮ ರಾಜ್ಯದ ಒಬ್ಬ ದೊಡ್ಡ ಮನುಷ್ಯನನ್ನ ನೆನೆಯಲೇಬೇಕು. 1970ರ ದಶಕದ ಮೊದಲಲ್ಲಿ ದೇವರಾಜ ಅರಸು ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರೋ ಪದ್ಧತಿಯನ್ನ ಕರ್ನಾಟಕದಲ್ಲಿ ನಿಷೇಧಿಸಿದ್ರು. ಇಡೀ ದೇಶಕ್ಕೆ ಅಂತ ಕಾಯ್ದೆ ಬಂದಿದ್ದು 1993ರಲ್ಲಿ, ಅದಾಗಿ ಸುಮಾರು ಇಪ್ಪತ್ತು ವರ್ಷದ ಮೇಲೆ. 1973ರಲ್ಲಿ ಅವರ "ಬೂಸಾ" ಮಾತಿಗೆ ರಾಜ್ಯದಲ್ಲಿ ಎಷ್ಟು ಗಲಾಟೆ ಮಾಡಿದ್ರು ಅಂತ ಎಲ್ಲರಿಗೂ ನೆನಪಿದೆ. ಮಲದ ಬುಟ್ಟಿ ಇಳಿಸಿದ್ದು ಎಷ್ಟು ಜನರಿಗೆ ನೆನಪಿದೆ?

ಕಾಯ್ದೆ 2013ರಲ್ಲಿ ಇನ್ನಷ್ಟು ಬಿಗಿಯಾಯ್ತು. 2014ರ ಮಾರ್ಚ್ 27ರಂದು ಸುಪ್ರೀಂ ಕೋರ್ಟು, ಚರಂಡಿಗಿಳಿದು ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕು ಅಂತ ಹೇಳಿತು. 2023ರ ಅಕ್ಟೋಬರ್ 20ರಂದು ಅದನ್ನ 30 ಲಕ್ಷಕ್ಕೆ ಏರಿಸ್ತು. ಪರಿಹಾರ ಏರಿದ್ದು ಸರಿ. ಆದರೆ ಪರಿಹಾರ ಏರಿಸಬೇಕಾಗಿ ಬಂತು ಅನ್ನೋದೇ ಸಾವು ನಿಂತಿಲ್ಲ ಅನ್ನೋಕೆ ಸಾಕ್ಷಿ. ಇದರ ನಡುವೆ, 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ತಾವಿದ್ದ ಜಾಗದಿಂದ ಎಬ್ಬಿಸೋದನ್ನ ವಿರೋಧಿಸಿ ಭಂಗಿ ಸಮುದಾಯದವರು ಮಲವನ್ನ ಮೈಮೇಲೆ ಸುರ್ಕೊಂಡ್ರು. ಊರಿನ ಹೊಲಸು ಹೊತ್ತೋರಿಗೆ ಊರಲ್ಲಿ ನಿಲ್ಲೋಕೆ ಜಾಗ ಇಲ್ಲ ಅನ್ನೋದನ್ನ ಇದಕ್ಕಿಂತ ಹೇಗೆ ಹೇಳೋಕೆ ಸಾಧ್ಯ?

ಇದು ನಮ್ಮ ದೇಶದ ಕತೆ ಮಾತ್ರ ಅಂದ್ಕೋಬೇಡಿ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಜನರ ಕೇರಿಗಳು ಎಷ್ಟೋ ಕಡೆ ಊರಿನ ತಗ್ಗಲ್ಲಿದ್ವು, ಅವಕ್ಕೆ "ಬಾಟಮ್ಸ್" ಅಂತಲೇ ಹೆಸರು. ಅಲಬಾಮಾದ ಲೌಂಡ್ಸ್ ಕೌಂಟಿಯಲ್ಲಿ ನೀರು ಇಂಗದ ಜೇಡಿಮಣ್ಣು. ಒಳಚರಂಡಿ ಇಲ್ಲ. ಕಪ್ಪು ಜನರ ಮನೆಯ ಶೌಚದ ನೀರು ಪೈಪಿಂದ ನೇರ ಹಿತ್ತಿಲಿಗೇ ಬರ್ತಿತ್ತು. ಜನ ದಶಕಗಳ ಕಾಲ ಹೋರಾಡಿದ ಮೇಲೆ 2023ರ ಮೇ ತಿಂಗಳಲ್ಲಿ ಅಲ್ಲಿನ ನ್ಯಾಯ ಇಲಾಖೆ ಇದನ್ನ ನಾಗರಿಕ ಹಕ್ಕಿನ ಪ್ರಶ್ನೆ ಅಂತ ತಗೊಂಡು ರಾಜ್ಯದ ಜೊತೆ ಒಪ್ಪಂದ ಮಾಡಿಸ್ತು. 2025ರಲ್ಲಿ ಟ್ರಂಪ್ ಸರ್ಕಾರ ಅದನ್ನ ರದ್ದು ಮಾಡ್ತು. ಚರಂಡಿಯನ್ನ ನಾಗರಿಕ ಹಕ್ಕು ಅಂತ ಅವರು ಕೇಳಿದ್ರು. ನಾವು ಇನ್ನೂ ಕಾಮಗಾರಿ ಅಂತ ಕೇಳ್ತಿದೀವಿ.

*ಸಿಸಿ ರಸ್ತೆ ಬಂತು, ಮನೆ ಗುಂಡಿಗೆ ಇಳೀತು*

ಈಗ ನಮ್ಮ ಕಾಲಕ್ಕೆ ಬರೋಣ. ಜನತಾ ಮನೆ ಬಂತು, ಆಶ್ರಯ ಮನೆ ಬಂತು, ಕಾಲೋನಿಗಳಾದ್ವು. ಕೇರಿ ಅನ್ನೋ ಹೆಸರು ಹೋಗಿ ಅಂಬೇಡ್ಕರ್ ನಗರ ಅನ್ನೋ ಬೋರ್ಡು ಬಂತು. ಆದರೆ ಸೈಟು ಕೊಡುವಾಗ ಯಾವ ಜಾಗ ಕೊಟ್ರು? ಬಹಳ ಕಡೆ ಅದೇ ಯಾರಿಗೂ ಬೇಡದ ಜಾಗ. ಕೊಟ್ಟ ದುಡ್ಡಲ್ಲಿ ಪಾಯ ಎತ್ತೋಕೆ ಆಗದೆ ನೆಲಮಟ್ಟದಲ್ಲೇ ಗೋಡೆ ಎದ್ದವು.

ಆಮೇಲೆ ಸಿಸಿ ರಸ್ತೆ. ಕಾಲೋನಿಗೆ ಅನುದಾನ ಬಂದಾಗಲೆಲ್ಲ ಮೊದಲು ಆಗೋ ಕೆಲಸ ಅದೇ, ಯಾಕಂದ್ರೆ ಬೇಗ ಮುಗಿಯುತ್ತೆ, ಬಿಲ್ಲೂ ಬೇಗ ಆಗುತ್ತೆ. ಹಳೇ ರಸ್ತೆ ಅಗೀದೆ ಅದರ ಮೇಲೇ ಹೊಸ ಕಾಂಕ್ರೀಟು ಸುರೀತಾರೆ. ಒಂದು ಸಲಕ್ಕೆ ನಾಲ್ಕೈದು ಇಂಚು. ಮೂರು ಸಲಕ್ಕೆ ಒಂದು ಅಡಿ! ರಸ್ತೆ ಮೇಲೇರ್ತಾ ಹೋಯ್ತು, ಮನೆ ಅಲ್ಲೇ ಉಳೀತು. ಮೊದಲು ಮನೆಯಿಂದ ರಸ್ತೆಗೆ ಇಳೀತಿದ್ದೋರು ಈಗ ರಸ್ತೆಯಿಂದ ಮನೆಗೆ ಇಳೀತಾರೆ. ಅಂಗಳದ ವಾಟ ತಿರುಗಿ ಬಿತ್ತು, ರಸ್ತೆಯ ನೀರು ನೇರ ಹೊಸಿಲಿಗೆ. ಅಭಿವೃದ್ಧಿ ಆದಷ್ಟೂ ನಮ್ಮ ಮನೆ ಗುಂಡಿಗೆ ಇಳಿಯೋ ವಿಚಿತ್ರ ಇದು. ರಸ್ತೆ ಏರಿದ್ದು ಊರಲ್ಲೂ ಹೌದು. ಆದರೆ ಅಲ್ಲಿ ಜಗಲಿ ಇದೆ, ಒಂದು ಮೆಟ್ಟಿಲು ಮುಳುಗಿದ್ರೂ ಎರಡು ಉಳೀತವೆ.

ಇನ್ನು ಚರಂಡಿ. ಊರಿಂದ ಕಾಲೋನಿವರೆಗೆ ಚೆನ್ನಾಗಿ ಕಟ್ಟಿರ್ತಾರೆ. ಕಾಲೋನಿಯ ಕೊನೇ ಮನೆಗೆ ಬಂದು ನಿಂತುಬಿಡುತ್ತೆ! ಮುಂದೆ ಯಾರದ್ದೋ ಹೊಲ, ಅವರು ಬಿಡಲ್ಲ. ಇಡೀ ಊರಿನ ಬಚ್ಚಲ ನೀರು ಆ ಕೊನೇ ಮನೆ ಮುಂದೆ ಕೆರೆ ಆಗುತ್ತೆ. ಕಾಗದದಲ್ಲಿ ಮಾತ್ರ "ಪರಿಶಿಷ್ಟ ಕಾಲೋನಿಗೆ ಚರಂಡಿ ನಿರ್ಮಾಣ, ಕಾಮಗಾರಿ ಪೂರ್ಣ". ನಮ್ಮ ಹೆಸರಿನ ದುಡ್ಡಲ್ಲೇ ಊರಿನ ಕೊಳಚೆಯನ್ನ ನಮ್ಮ ಬಾಗಿಲಿಗೆ ತಲುಪಿಸಿದ ಹಾಗಾಯ್ತು. 2013ರಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಮಾಡಿಸೋಕೆ ನಾವು ಬೀದಿಗಿಳಿದಿದ್ದು ಇದಕ್ಕಾ?

*ಕಾನೂನು ಏನು ಹೇಳುತ್ತೆ?*

"ನೀರು ತಗ್ಗಿಗೇ ತಾನೇ ಹರಿಯೋದು, ಅದಕ್ಕೆ ಯಾರೇನು ಮಾಡೋಕಾಗುತ್ತೆ" ಅಂತಾರೆ. ಈ ಮಾತಿಗೆ ಒಂದು ಕಾನೂನಿನ ಬೇರೂ ಇದೆ. 1882ರ ಈಸ್‌ಮೆಂಟ್ ಕಾಯ್ದೆಯ 7ನೇ ಸೆಕ್ಷನ್ನಿನ ಉದಾಹರಣೆಗಳಲ್ಲಿ, ಮೇಲಿನ ಜಮೀನಿನಲ್ಲಿ ಬಿದ್ದ ನೀರು ಸಹಜವಾಗಿ ಕೆಳಗಿನ ಜಮೀನಿಗೆ ಹರಿಯೋಕೆ ಕೆಳಗಿನವನು ಬಿಡಬೇಕು, ಅದು ಮೇಲಿನವನ ಹಕ್ಕು ಅಂತ ಇದೆ. ಸರಿ. ಆದರೆ ಅದನ್ನ ಪೂರ್ತಿ ಓದಬೇಕು. ಅದು ಹೇಳೋದು ತಾನಾಗಿ ಹುಟ್ಟಿದ, ತಾನಾಗಿ ಬಿದ್ದ, ಕಾಲುವೆ ಕಟ್ಟದೆ ಸಹಜವಾಗಿ ಹರಿಯೋ ನೀರಿನ ಬಗ್ಗೆ. ಮಳೆ ನೀರಿಗೆ ಆ ಹಕ್ಕು. ಬಚ್ಚಲ ನೀರು ಮೋಡದಿಂದ ಬೀಳಲ್ಲ. ಸಿಮೆಂಟಿನ ಚರಂಡಿ ನೆಲದಿಂದ ಮೊಳೆಯಲ್ಲ. ಅದನ್ನ ಯಾರೋ ನಕ್ಷೆ ಹಾಕಿ, ಮಟ್ಟ ನೋಡಿ, ನಮ್ಮ ಕಡೆ ತಿರುಗಿಸಿರ್ತಾರೆ.

ಅದಕ್ಕೆ ನಮ್ಮ ಕೈಲಿ ಇನ್ನೊಂದು ಕಾನೂನಿದೆ. 1989ರ ದೌರ್ಜನ್ಯ ತಡೆ ಕಾಯ್ದೆ. 2015ರ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಗೆ ಬಂತು. ಅದರ ಸೆಕ್ಷನ್ 3(1)(ಬಿ) ಓದಿ. ಪರಿಶಿಷ್ಟರು ವಾಸ ಇರೋ ಜಾಗದಲ್ಲಿ ಅಥವಾ ಅದರ ಬಾಗಿಲಲ್ಲಿ ಮಲ, ಸತ್ತ ಪ್ರಾಣಿ, ಹೊಲಸು ಹಾಕೋದು ಅಪರಾಧ. ಆ ಪಟ್ಟಿಯಲ್ಲಿ ತಿದ್ದುಪಡಿಯ ಹೊತ್ತಲ್ಲಿ ಹೊಸದಾಗಿ ಸೇರಿದ ಪದ "ಸೀವೇಜ್", ಚರಂಡಿಯ ಕೊಳಚೆ. ಈ ಪದ ಅಲ್ಲಿ ಸುಮ್ಮನೆ ಬಂದು ಕೂತಿಲ್ಲ. ಕೊಳಚೆ ಬಿಡೋದೂ ದೌರ್ಜನ್ಯ ಅಂತ ಸಂಸತ್ತೇ ಒಪ್ಪಿದೆ. ಪ್ರತಿ ಕೆಟ್ಟ ಚರಂಡಿಗೂ ಈ ಕೇಸು ನಿಲ್ಲುತ್ತೆ ಅಂತ ನಾನು ಹೇಳಲ್ಲ, ವಕೀಲರ ಹತ್ರ ಕೂತು ನೋಡಬೇಕು. ಆದರೆ ಮುಂದಿನ ಅರ್ಜಿಯಲ್ಲಿ ಆ ಸೆಕ್ಷನ್ನಿನ ನಂಬರು ಬರೀರಿ. ಅರ್ಜಿ ಓದೋರು ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂತ್ಕೋತಾರೆ.

*ನಾವು ಮಾಡಬೇಕಾದ್ದು*

ಒಂದು. ಕಾಲೋನಿಗೆ ರಸ್ತೆ, ಚರಂಡಿ ಬಂತು ಅಂತ ಹಾರ ಹಾಕೋ ಮೊದಲು ಎಸ್ಟಿಮೇಟಿನ ಪ್ರತಿ ಕೇಳಿ, ಕೊಡದಿದ್ರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಅದರಲ್ಲಿ ಮೂರು ಪ್ರಶ್ನೆಗೆ ಉತ್ತರ ಹುಡುಕಿ: ಚರಂಡಿ ಎಲ್ಲಿ ಶುರು, ಎಲ್ಲಿ ಮುಗಿಯುತ್ತೆ, ಕೊನೆಯಲ್ಲಿ ನೀರು ಎಲ್ಲಿಗೆ ಹೋಗುತ್ತೆ. ಕೊನೆ ಬರೆದಿಲ್ಲ ಅಂದ್ರೆ ಆ ಕೊನೆ ನಮ್ಮ ಮನೇನೇ.

ಎರಡು. ಹಳೇ ರಸ್ತೆ ಅಗೀದೆ ಹೊಸದು ಹಾಕೋಕೆ ಬಿಡಬೇಡಿ. ಹೊಸ ರಸ್ತೆಯ ಮಟ್ಟ ಮನೆಯ ಹೊಸಿಲಿಗಿಂತ ಕೆಳಗಿರಬೇಕು. ಇದನ್ನ ಗ್ರಾಮಸಭೆಯಲ್ಲಿ ಹೇಳಿ, ನಡಾವಳಿಯಲ್ಲಿ ಬರೆಸಿ.

ಮೂರು. ಅಳತೆ ನಾವೇ ಮಾಡೋಣ. ಪ್ರತಿ ಕೇರಿಯಲ್ಲೂ ಗಾರೆ ಕೆಲಸದ ಅಣ್ಣಂದಿರಿದಾರೆ. ಹತ್ತು ಮೀಟರು ಪೈಪು, ಒಂದು ಚೊಂಬು ನೀರು, ಒಂದು ಟೇಪು, ಒಂದು ನೋಟ್‌ಬುಕ್ ಸಾಕು. ಯಾವ ಮನೆ ರಸ್ತೆಗಿಂತ ಎಷ್ಟು ಇಂಚು ಕೆಳಗಿದೆ ಅಂತ ಬರ್ಕೊಳ್ಳಿ. "ನೀರು ಬರುತ್ತೆ ಸಾರ್" ಅಂದ್ರೆ ಕೇಳಲ್ಲ. "37 ಮನೆಯಲ್ಲಿ 21 ಮನೆ ರಸ್ತೆಗಿಂತ 9 ಇಂಚು ಕೆಳಗಿವೆ" ಅನ್ನೋ ಥರ ನಿಮ್ಮ ಕೇರಿಯ ನಿಜವಾದ ಲೆಕ್ಕ ಇಟ್ರೆ ಉತ್ತರ ಕೊಡಲೇಬೇಕಾಗುತ್ತೆ.

ನಾಲ್ಕು. ಊರಿನ ಮನೆಗಳ ಬಚ್ಚಲ ನೀರು ಅಲ್ಲಲ್ಲೇ ಇಂಗಲಿ. ನರೇಗಾದಲ್ಲಿ ಬಚ್ಚಲು ಗುಂಡಿ ಕೆಲಸ ಬಂದಾಗ ಎಷ್ಟೋ ಪಂಚಾಯ್ತಿಗಳು ಅದನ್ನ ಕೇರಿಯಲ್ಲಿ ಮಾಡಿ ಮುಗಿಸಿದ್ವು. ನೀರು ಶುರುವಾಗೋದು ಮೇಲೆ, ಗುಂಡಿಯೂ ಮೇಲಿಂದಲೇ ಶುರುವಾಗಬೇಕು.

ಐದು. ಹೊಸ ಸೈಟು ಹಂಚುವಾಗ ಮಳೆಗಾಲದಲ್ಲಿ ಜಾಗ ನೋಡಿ ಒಪ್ಕೊಳ್ಳಿ, ಬೇಸಿಗೆಯಲ್ಲಿ ಅಲ್ಲ. ಬೇಸಿಗೆಯಲ್ಲಿ ಎಲ್ಲಾ ಜಾಗಾನೂ ಒಣಗಿರುತ್ತೆ.

ಕಡೇ ಮಾತು. ಜಾತಿ ಮನಸ್ಸಲ್ಲಿದೆ, ಅದನ್ನ ಮನಸ್ಸಿಂದ ತೆಗೀಬೇಕು ಅಂತ ಭಾಷಣ ಮಾಡ್ತಾರೆ. ಮನಸ್ಸಲ್ಲಿ ಇರೋದು ನಿಜ. ನೆಲದಲ್ಲೂ ಇದೆ. ಅದನ್ನ ಅಳೀಬಹುದು, ಅಡಿ ಇಂಚಿನ ಲೆಕ್ಕದಲ್ಲಿ ಹೇಳಬಹುದು, ಹಾರೆ ಗುದ್ದಲಿ ಹಿಡಿದು ತಿದ್ದಬಹುದು. ಮಹಾಡಿನಲ್ಲಿ ನಮ್ಮ ಹಿರಿಯರು ಕುಡಿಯೋ ನೀರಿನ ಹಕ್ಕು ಕೇಳಿದ್ರು. ಕೊಳಚೆ ನೀರನ್ನ ವಾಪಸ್ ಕಳಿಸೋ ಹಕ್ಕು ಕೇಳೋದು ನಮ್ಮ ಪಾಳಿ.

ನಾಳೆ ಬೆಳಿಗ್ಗೆ ನಿಮ್ಮೂರಿನ ಮೋರಿ ಹಿಡಿದು ಮೇಲಿಂದ ಕೆಳಗಿನವರೆಗೆ ಒಂದು ಸಲ ನಡೀರಿ. ಅದು ಯಾರ ಮನೆ ಮುಂದೆ ಮುಗಿಯುತ್ತೆ ಅಂತ ನೋಡಿ ಬಂದು ಇಲ್ಲಿ ಬರೀರಿ.

ಜೈಭೀಮ್.